ಚಿಗವ್ವನ ಮೊಣಕೈಗೆ ಎರಡು ಪ್ಲೇಟು

ಆಪರೇಷನ್ನಿಗೆ ಮೊದಲು ಡಾಕ್ಟರು ರೋಗಿಯನ್ನು ಪರೀಕ್ಷೆ ಮಾಡುವುದನ್ನು ನೀವೆಲ್ಲ ನೋಡಿರುತ್ತೀರಿ. ರೋಗಿಯೇ ಡಾಕ್ಟರನ್ನು ಪರೀಕ್ಷೆ ಮಾಡಿ, ಪಾಸು ಮಾಡಿ, ಆಮೇಲೆ ಕೈ ಕೊಯ್ಯಲು ಕೊಟ್ಟಿದ್ದನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದೇನೆ ಏನು, ಅದಕ್ಕೆ ಬೇಕಾದ ಕಬ್ಬನ್ನು ತಂದುಕೊಟ್ಟವಳೇ ನಾನು!

ಹುಬ್ಬಳ್ಳಿಯ ಒಂದು ಆಸ್ಪತ್ರೆ. ಮಧ್ಯಾಹ್ನ. ವಾರ್ಡಿನ ಮೂಲೆಯ ಮಂಚದ ಮೇಲೆ ನಮ್ಮ ಚಿಗವ್ವ, ಅಂದರೆ ನನ್ನ ತಾಯಿಯ ತಂಗಿ, ಬಲಗೈಯನ್ನು ದಿಂಬಿನ ಮೇಲೆ ಮಲಗಿಸಿ, ತಾನು ಮಾತ್ರ ಗೋಡೆಗೆ ಆತು ನೆಟ್ಟಗೆ ಕುಳಿತಿದ್ದಳು. ಕಾಲ ಬಳಿ ಅವಳ ಗಂಡ, ನಮ್ಮ ಕಾಕಾ, ಚೀಲ ಮಡಿಲಲ್ಲಿಟ್ಟುಕೊಂಡು. ನಾನು ಚಹಾದ ಥರ್ಮಾಸು ಹಿಡಿದು. ಎದುರಿಗೆ ಎಕ್ಸರೇ ಹಿಡಿದ ಡಾಕ್ಟರು, ಅವರ ಹಿಂದೆ ನರ್ಸಮ್ಮ. ಡಾಕ್ಟರಿಗೆ ವಯಸ್ಸು ಬಹಳವೇನೂ ಅಲ್ಲ. ಚಿಗವ್ವ ಅವರನ್ನು ಮೇಲಿಂದ ಕೆಳಗೆ ನೋಡಿದ ರೀತಿಯಲ್ಲೇ ನನಗೆ ಗೊತ್ತಾಯಿತು, ಇವರನ್ನೂ ಜಗ್ಗಿ ನೋಡದೆ ಬಿಡುವುದಿಲ್ಲ ಎಂದು.

ಜಗ್ಗಿ ನೋಡುವುದು! ನಮ್ಮ ಚಿಗವ್ವನ ಇಡೀ ಜೀವನವನ್ನು ಈ ಎರಡು ಮಾತಿನಲ್ಲಿ ಹೇಳಿ ಮುಗಿಸಬಹುದು. ಯಾರ ಮನೆಗೆ ಹೋದರೂ ಕುರ್ಚಿಯನ್ನು ಎರಡು ಸಲ ಅಲ್ಲಾಡಿಸದೆ ಕೂಡ್ರುವವಳಲ್ಲ. ಬಾಗಿಲಿನ ಚಿಲಕ, ಬಕೀಟಿನ ಹಿಡಿಕೆ, ತೊಟ್ಟಿಲ ಹಗ್ಗ, ಯಾವುದನ್ನೂ ನಂಬುವವಳಲ್ಲ. ಒಮ್ಮೆ ನನ್ನ ಜೊತೆ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟಳು. ಮೇಲೆ ಜೋತಾಡುವ ಹಿಡಿಕೆಗಳನ್ನು ಮುಂದಿನಿಂದ ಒಂದೊಂದಾಗಿ ಜಗ್ಗುತ್ತ ಹೋದಳು. ಇದು ಸಡಿಲ, ಇದು ಸವೆದದ್ದು, ಇದರ ಮೊಳೆ ಸರಿ ಇಲ್ಲ. ಕೊನೆಗೊಂದು ಅವಳ ಮನಸ್ಸಿಗೆ ಬಂತು. ಗಟ್ಟಿಯಾಗಿ ಹಿಡಿದುಕೊಂಡಳು. ಅಷ್ಟರಲ್ಲಿ ಧಾರವಾಡ ಬಂತು!

ಅವಳನ್ನು ನೋಡಲು ಗಂಡಿನ ಕಡೆಯವರು ಬಂದಾಗಲೂ ಹೀಗೇ ಆಯಿತಂತೆ. ಅವಲಕ್ಕಿಯ ತಾಟು ತಂದಿಟ್ಟವಳು ತಲೆ ತಗ್ಗಿಸಿ ಒಳಗೆ ಹೋಗಬೇಕೋ ಬೇಡವೋ? ಹೋಗಲಿಲ್ಲ. ಮದುವೆ ಗಂಡಾಗಿ ಕುಳಿತಿದ್ದ ಕಾಕಾನ ಹಿಂದೆ ಬಂದು, ಅವನ ಕುರ್ಚಿಯ ಬೆನ್ನು ಹಿಡಿದು ಗಡಗಡ ಅಲ್ಲಾಡಿಸಿದಳು. ಕಾಕಾನ ಅಪ್ಪ ಗಾಬರಿಯಾಗಿ, "ಯಾಕವಾ, ಏನಾತು?" ಎಂದರೆ, "ಏನಿಲ್ರಿ, ಈ ಕುರ್ಚಿದು ಒಂದು ಕಾಲು ಸಡ್ಲ ಐತಿ. ನಿಮ್ಮ ಮಗಾ ಬಿದ್ದಗಿದ್ದಾನು ಅಂತ ನೋಡಿದೆ" ಎಂದಳಂತೆ. ಸಂಬಂಧ ಅಲ್ಲೇ ಗಟ್ಟಿಯಾಯಿತು. ಕಾಕಾ ಈಗಲೂ ಹೇಳುತ್ತಾನೆ, "ಆ ಕುರ್ಚಿ ಅಲ್ಲಾಡೂದು ಆವತ್ತೇ ನಿಂತ್ತು ನೋಡವಾ. ನಾ ಇನ್ನೂ ಅಲ್ಲಾಡಾಕತ್ತೇನಿ."

ಇಂಥವಳ ಕೈ ಮುರಿದದ್ದಾದರೂ ಹೇಗೆ? ಕಾಕಾ ಬೆಂಗೇರಿಯ ಸಂತೆಯಿಂದ ಹೊಸ ಸ್ಟೂಲು ತಂದಿದ್ದ. ಅದರ ಮೇಲೆ ಹಿಟ್ಟಿನ ಡಬ್ಬಿ ಇಟ್ಟು ನೋಡಿದಳು. ಎರಡು ತುಂಬಿದ ಕೊಡ ಇಟ್ಟು ನೋಡಿದಳು. ಕೊನೆಗೆ ತಾನೇ ಹತ್ತಿ ನಿಂತು ಎರಡು ಸಲ ಕುಪ್ಪಳಿಸಿದಳು. ಸ್ಟೂಲು ಕುಂಯ್ ಎನ್ನಲಿಲ್ಲ. ಸಮಾಧಾನದಿಂದ ಕೆಳಗಿಳಿದು, ಕಾಕಾನ ಚಪ್ಪಲಿಗೆ ಎಡವಿ, ಬಲ ಮೊಣಕೈ ಊರಿ ಬಿದ್ದಳು! ಆಗ ಅವರ ಮನೆಯಲ್ಲೇ ಇದ್ದ ನಾನು ಓಡಿ ಹೋದಾಗ ನೆಲದ ಮೇಲೆ ಬೆವೆಯುತ್ತ ಕುಳಿತವಳು ನನಗೆ ಹೇಳಿದ ಮೊದಲ ಮಾತು: "ಸ್ಟೂಲ್ ಛಲೋ ಐತಿ ತಂಗಿ. ನೀನೂ ಒಂದು ತಗೋ."

ನಗಬೇಡಿ. ಚಿಗವ್ವನ ಬಲಗೈ ಎಂದರೆ ಸಾಮಾನ್ಯ ಕೈ ಅಲ್ಲ. ಬೆಂಗೇರಿಯ ಆ ಪುಟ್ಟ ಮನೆಯಿಂದ ದಿನಾ ನೂರೈವತ್ತು ಜೋಳದ ರೊಟ್ಟಿ ಖಾನಾವಳಿಗಳಿಗೆ ಹೋಗುತ್ತವೆ. ಅಷ್ಟನ್ನೂ ಬಡಿಯುವುದು ಆ ಒಂದು ಕೈ. ಕೈ ಹೋಯಿತೆಂದರೆ ಚಿಗವ್ವನಲ್ಲಿ ಉಳಿಯುವುದು ಬರೀ ಬಾಯಿ. ಅದನ್ನು ಯಾರು ತಡಕೊಳ್ಳಬೇಕು?

ಡಾಕ್ಟರು ಎಕ್ಸರೇ ಬೆಳಕಿಗೆ ಹಿಡಿದು ತೋರಿಸಿದರು. ತೋಳಿನ ಎಲುಬು ಮೊಣಕೈ ಹತ್ತಿರ ಬಂದು ಕವಲಾಗಿ ಅಗಲವಾಗುತ್ತದಲ್ಲ, ಆ ಕವಲೇ ಮೂರು ತುಂಡಾಗಿತ್ತು.

"ಅವ್ವಾರ, ಬಾವು ಇಳೀಲಿ. ಎರಡು ದಿನ ಬಿಟ್ಟು ಆಪರೇಷನ್. ಎರಡು ಪ್ಲೇಟ್ ಹಾಕಿ ಸ್ಕ್ರೂ ಬಿಗಿಯೂದು."

"ಎರಡ್ಯಾಕ? ಒಂದಕ್ಕ ಆಗಂಗಿಲ್ಲೇನು?"

"ಒಂದ ಹಾಕಿದ್ರ ತಡಿಯಂಗಿಲ್ರಿ. ಆ ಕವಲಿಗೆ ಎರಡು ಕಂಬ ಇದ್ದಂಗ. ಎರಡಕ್ಕೂ ಆಸರ ಬೇಕು."

"ಎಲ್ಲೆಲ್ಲಿ ಕೂಡಸ್ತೀರಿ?"

ಡಾಕ್ಟರು ತಾಳ್ಮೆಯಿಂದ ಚೀಟಿಯ ಹಿಂದೆ ಚಿತ್ರ ಬರೆದರು. ಒಂದು ರೀತಿಯಲ್ಲಿ, ಒಂದು ಪ್ಲೇಟು ಒಳಮಗ್ಗಲಿಗೆ, ಇನ್ನೊಂದು ಹಿಂದುಗಡೆ. ಇನ್ನೊಂದು ರೀತಿಯಲ್ಲಿ, ಎರಡೂ ಎದುರುಬದುರು, ಆ ಮಗ್ಗಲಿಗೊಂದು ಈ ಮಗ್ಗಲಿಗೊಂದು. ಅವುಗಳ ಸ್ಕ್ರೂಗಳು ಎಲುಬಿನ ಒಳಗೆ ಒಂದರ ಸಂದಿಯಲ್ಲಿ ಒಂದು ಹಾಯ್ದು ಬೆರಳಿಗೆ ಬೆರಳು ಹೆಣೆದಂತೆ ಕೂಡುತ್ತವೆ.

"ಎರಡರಾಗ ಗಟ್ಟಿ ಯಾವುದು?"

"ಎರಡೂ ನಡೀತಾವ್ರಿ."

ಮುಗಿಯಿತು! ಎರಡೂ ನಡೀತಾವ ಎನ್ನುವ ಮಾತನ್ನು ಚಿಗವ್ವ ತನ್ನ ಆಯುಷ್ಯದಲ್ಲಿ ಎಂದೂ ಒಪ್ಪಿದವಳಲ್ಲ. "ಎರಡೂ ನಡೀತಾವ ಅಂದ್ರ, ನೀವು ಭಾರ ಹಾಕಿ ನೋಡಿಲ್ಲ ಅಂತಾತು" ಎಂದಳು. ಡಾಕ್ಟರು ನಕ್ಕು ಮುಂದಿನ ಮಂಚಕ್ಕೆ ಹೋದರು. ಅವರಿಗೇನು ಗೊತ್ತು? ಪಾಪ, ಓದಿದವರು.

ಅವರು ಅತ್ತ ಹೋದದ್ದೇ ಚಿಗವ್ವ ಎಡಗೈಯಿಂದ ಅಪ್ಪಣೆ ಕೊಡಲು ಸುರುಮಾಡಿದಳು. ನನಗೆ: ಆಸ್ಪತ್ರೆಯ ಗೇಟಿನ ಬಳಿ ಕಬ್ಬಿನ ಹಾಲಿನ ಗಾಡಿ ಇದೆ, ಅಲ್ಲಿಂದ ದಪ್ಪನ್ನ ಕಬ್ಬು. ಕಾಕಾನಿಗೆ: ಗೋಡೆಗೆ ಹಲಗೆ ಕೂಡಿಸುವಾಗ ಹಾಕುತ್ತಾರಲ್ಲ, ತೂತಿನ ಕಬ್ಬಿಣದ ಪಟ್ಟಿ, ಅವು ಐದು, ಒಂದು ಮುಷ್ಟಿ ಸ್ಕ್ರೂ, ಮನೆಯಿಂದ ತೂಕದ ಕಲ್ಲು. ಕಾಕಾ ಅಮರಗೋಳದ ಮಾರುಕಟ್ಟೆಯಲ್ಲಿ ಚೀಲ ತೂಗುವ ಕೆಲಸ ಮಾಡಿ ನಿವೃತ್ತನಾದವನು. ಕಂಪ್ಯೂಟರಿನ ತೂಕದ ಕಾಟಾ ಬಂದ ಮೇಲೆ ಬೇಡವಾದ ಹಳೆಯ ಕಬ್ಬಿಣದ ಕಲ್ಲುಗಳನ್ನು, ಒಂದು ಕಿಲೋದ್ದು, ಎರಡರದ್ದು, ಐದರದ್ದು, ಬೆಳ್ಳಿಯ ಸಾಮಾನಿನಂತೆ ಮನೆಯಲ್ಲಿ ಇಟ್ಟುಕೊಂಡಿದ್ದ.

"ಏ, ದವಾಖಾನ್ಯಾಗ ಇದೆಲ್ಲಾ ನಡಿಯಂಗಿಲ್ಲಲೇ" ಎಂದ ಕಾಕಾ.

"ನಿಮ್ಮ ಕೈ ಏನ್ರಿ ಮುರಿದದ್ದು?"

ಕಾಕಾ ಎದ್ದು ಹೋದ.

ಮರುದಿನ ಮಧ್ಯಾಹ್ನ ಪ್ರಯೋಗ. ಮೂರು ಕಬ್ಬನ್ನು ನಡುವೆ ಕತ್ತರಿಸಿ ಮುರಿದ ಎಲುಬು ಮಾಡಿದೆವು. ಕಾಕಾ ಸ್ಕ್ರೂ ಬಿಗಿದ. ಮೊದಲನೆಯದಕ್ಕೆ ಒಂದೇ ಪಟ್ಟಿ. ಎರಡನೆಯದಕ್ಕೆ ಮಗ್ಗಲಿಗೊಂದು, ಹಿಂದೊಂದು. ಮೂರನೆಯದಕ್ಕೆ ಎದುರುಬದುರು ಎರಡು. ಕಾಕಾ ಕಬ್ಬಿನ ಒಂದು ತುದಿಯನ್ನು ಮಂಚದ ಸರಳಿಗೆ ಒತ್ತಿ ಬಗಲಲ್ಲಿ ಹಿಡಿದು ನಿಲ್ಲಬೇಕು, ನಾನು ಇನ್ನೊಂದು ತುದಿಗೆ ಕೈಚೀಲ ಜೋತುಹಾಕಿ ಕಲ್ಲು ಏರಿಸುತ್ತ ಹೋಗಬೇಕು. ವಾರ್ಡಿನ ಇನ್ನುಳಿದ ರೋಗಿಗಳು, ಕಾಲು ಮುರಿದವರು, ಸೊಂಟ ಮುರಿದವರು, ಎಲ್ಲರೂ ದಿಂಬು ಎತ್ತರಿಸಿಕೊಂಡು ಕುಳಿತರು. ಇಷ್ಟು ಮಜಾ ಅವರಿಗೆ ಮೂಳೆ ಮುರಿದಾಗಿನಿಂದ ಸಿಕ್ಕಿರಲಿಲ್ಲ!

ಒಂದೇ ಪಟ್ಟಿಯದು ಐದು ಕಿಲೋಕ್ಕೆ ಪಟ್ಟಿ ಸಮೇತ ಬಾಗಿ ಕೈಮುಗಿಯಿತು. ಎರಡನೆಯದು ಜಗ್ಗಲಿಲ್ಲ. ಹತ್ತು ಕಿಲೋ ಹಾಕಿದೆ, ತಡೆಯಿತು. ನನಗೆ ಸಂತೋಷವಾಯಿತು.

"ತಡಿ. ಈಗ ತಿರುವು" ಎಂದಳು ಚಿಗವ್ವ.

"ತಿರುವೂದ್ಯಾಕ?"

"ನಾ ಏನು ಕೈ ಮ್ಯಾಲ ಕೆಳಗ ಅಷ್ಟೇ ಮಾಡತೇನೇನು? ಹಿಟ್ಟು ನಾದೂಮುಂದ ಕೈ ತಿರಗತೈತಿ. ರೊಟ್ಟಿ ತಿರುಗಿಸಿ ತಿರುಗಿಸಿ ಬಡೀತೇನಿ. ತಿರುವು!"

ತಿರುವಿದೆ. ಕಬ್ಬು ಕಿರ್ ಎಂದಿತು, ಒಂದು ಸ್ಕ್ರೂ ಸಡಿಲಾಗಿ ಕಾಕಾನ ಅಂಗಿಯ ಕಿಸೆಯೊಳಗೆ ಬಿತ್ತು. ಮೂರನೆಯದನ್ನು ಹಿಡಿದೆವು. ಹತ್ತು, ಹನ್ನೆರಡು, ಹದಿನೈದು. ತಿರುವಿದರೂ ತಡೆಯಿತು. ಹದಿನೇಳಕ್ಕೆ ಫಟ್ ಎಂದು ದೊಡ್ಡ ಸಪ್ಪಳ! ಹರಿದದ್ದು ಕಬ್ಬಲ್ಲ, ಚೀಲ. ಕಲ್ಲುಗಳು ಫರ್ಶಿಯ ನೆಲದ ಮೇಲೆ ಉರುಳಿಕೊಂಡು ಹೋಗಿ ಬಾಗಿಲಲ್ಲಿ ನಿಂತಿದ್ದ ಎರಡು ಬೂಟುಗಳ ಹತ್ತಿರ ನಿಂತವು. ಬೂಟಿನ ಮೇಲೆ ಡಾಕ್ಟರು!

ನರ್ಸಮ್ಮ ಹಣೆ ಹಣೆ ಬಡಿದುಕೊಂಡಳು. ಕಾಕಾ ಕಬ್ಬನ್ನು ಬೆನ್ನ ಹಿಂದೆ ಮರೆ ಮಾಡಿದ. ಅದು ತಲೆಗಿಂತ ಒಂದು ಮೊಳ ಮೇಲೆ ಕಾಣುತ್ತಿತ್ತು. ಡಾಕ್ಟರು ಮೂರೂ ಕಬ್ಬುಗಳನ್ನು ಈಸಿಕೊಂಡು, ತಿರುಗಿಸಿ ಮುರುಗಿಸಿ ನೋಡಿ, ಸ್ಟೂಲೆಳೆದುಕೊಂಡು ಕುಳಿತರು.

"ಅವ್ವಾರ, ಇದನ್ನೇ ದೊಡ್ಡ ದೊಡ್ಡ ಪ್ರಯೋಗಶಾಲೆಯಾಗ ಯಂತ್ರಕ್ಕ ಕಟ್ಟಿ ಮಾಡತಾರ್ರಿ."

"ನಮ್ಮ ಯಂತ್ರ ಇವರ" ಎಂದು ಚಿಗವ್ವ ಕಾಕಾನ ಕಡೆ ಗದ್ದ ತೋರಿಸಿದಳು.

"ಖರೇ ಹೇಳ್ತೇನಿ, ನೀವು ತಿರುವಿ ನೋಡಿದ್ದು ಭಾಳ ಶಾಣ್ಯಾತನ. ಆದ್ರ ಒಂದು ಮಾತು. ಕಬ್ಬಿನಷ್ಟು ಗಟ್ಟಿ ಇಲ್ರಿ ನಿಮ್ಮ ಎಲುಬು. ವಯಸ್ಸಾತು, ಒಳಗ ಸ್ವಲ್ಪ ಟೊಳ್ಳಾಗಿರತೈತಿ."

"ನನ್ನ ಎಲುಬು? ಟೊಳ್ಳು? ಅರವತ್ತು ವರ್ಷ ಜ್ವಾಳದ ರೊಟ್ಟಿ ತಿಂದ ಎಲುಬ್ರಿ ಇದು! ನಿಮ್ಮಂಗ ಬ್ರೆಡ್ ತಿಂದದ್ದಲ್ಲ!"

ವಾರ್ಡಿಗೆ ವಾರ್ಡೇ ನಕ್ಕಿತು. ಡಾಕ್ಟರೂ ನಕ್ಕರು. ಆಮೇಲೆ ಎದ್ದು ನಿಂತು ಒಂದು ಮಾತು ಹೇಳಿದರು. ಆ ಮಾತಿಗೆ ನಾವ್ಯಾರೂ ಕಿವಿಗೊಡಲಿಲ್ಲ. ಎಲ್ಲರೂ ಉಳಿದ ಕಬ್ಬು ತಿನ್ನುವುದರಲ್ಲಿ ಇದ್ದೆವು. "ಒಳಗ ತುಂಡು ಹೆಂಗದಾವ ನೋಡಿ ಯಾವುದು ಅಂತ ನಾ ಹೇಳತೇನಿ. ಆದ್ರ ಇಷ್ಟು ಗಟ್ಟಿ ಹಾಕೂದು ಯಾಕ ಗೊತ್ತದ ಏನ್ರಿ? ಕೈ ಸುಮ್ಮ ಇಡಾಕ ಅಲ್ಲ, ಲಗೂ ಅಲ್ಲಾಡಸಾಕ."

ಆಪರೇಷನ್ ಸುಸೂತ್ರ ಆಯಿತು. ಡಾಕ್ಟರು ಎದುರುಬದುರೇ ಹಾಕಿದ್ದರು. ಚಿಗವ್ವ ಕಣ್ಣು ಬಿಟ್ಟವಳೇ, "ನಾ ಪಾಸು ಮಾಡಿದ್ದನ್ನ ಹಾಕ್ಯಾರ" ಎಂದು ಮತ್ತೆ ಕಣ್ಣು ಮುಚ್ಚಿದಳು.

ಈಗ ಕತೆ ಮುಗಿಯಬೇಕಿತ್ತು ಅಲ್ಲವೇ? ಇಲ್ಲಿಂದಲೇ ನಮ್ಮ ಶಾಣ್ಯಾತನ ಸುರುವಾದದ್ದು.

ಮೂರನೇ ದಿನ ವ್ಯಾಯಾಮ ಮಾಡಿಸುವ ಹೆಣ್ಣುಮಗಳು ಬಂದು, "ಅವ್ವಾರ, ಮೆಲ್ಲಕ ಮಡಚ್ರಿ" ಎಂದಳು. ಚಿಗವ್ವ, "ಇವತ್ತ ಅಮಾಸಿ" ಎಂದಳು. ಮರುದಿನ, "ನಿನ್ನೆ ಅಮಾಸಿ ಇತ್ತು, ಮೈ ಭಾರ ಐತಿ" ಎಂದಳು. ಹೇಗೋ ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಬಂದದ್ದಾಯಿತು. ಮನೆಗೆ ನೋಡಲು ಬಂದವರು ಒಬ್ಬರೇ ಇಬ್ಬರೇ! ಅದರಲ್ಲಿ ಅಮ್ಮಿನಬಾವಿಯಿಂದ ಬಂದ ನಮ್ಮ ದೊಡ್ಡಪ್ಪ, ಊರಲ್ಲಿ ಎತ್ತಿನ ಕಾಲಿಗೂ ಮನುಷ್ಯರ ಕಾಲಿಗೂ ಒಂದೇ ಕೈಯಿಂದ ಕಟ್ಟು ಹಾಕುವವನು, ಚಿಗವ್ವನ ಕೈಯನ್ನು ನೋಡಿ, "ಅಲ್ಲವಾ, ಒಳಗ ಹಾಕ್ಯಾರ, ಬರೋಬ್ಬರಿ. ಹೊರಗ ಯಾರು ಹಿಡಿಯವರು?" ಎಂದ.

ಹೌದಲ್ಲ! ಕಬ್ಬಿನ ಲೆಕ್ಕ ಚಿಗವ್ವನ ತಲೆಯಲ್ಲಿ ತಾಜಾ ಇತ್ತು. ಒಂದಕ್ಕಿಂತ ಎರಡು ಗಟ್ಟಿ. ಹಾಗಾದರೆ ಎರಡಕ್ಕಿಂತ ಆರು ಇನ್ನೂ ಗಟ್ಟಿ ಅಲ್ಲವೇ? ದೊಡ್ಡಪ್ಪ ನಾಲ್ಕು ಬಿದಿರಿನ ಚಕ್ಕೆ ಸೀಳಿದ, ತತ್ತಿಯ ಲೋಳೆ ಹಚ್ಚಿದ, ಬಟ್ಟೆ ಸುತ್ತಿದ. ಒಳಗೆ ಎರಡು ಪ್ಲೇಟು, ಹೊರಗೆ ನಾಲ್ಕು ಚಕ್ಕೆ. ಕೈ ಅಲ್ಲ, ಕೋಟೆ! ಬಟ್ಟೆಯ ಒಂದು ತುದಿ ಎಳೆದು ಹಿಡಿದವಳು ಯಾರು ಗೊತ್ತೇ? ನಾನೇ! ಎಂ.ಎ. ಮಾಡಿದವಳು!

ಮೂರು ವಾರ ಆ ಕೈ ಕೊರಳಿನ ಜೋಳಿಗೆಯಲ್ಲಿ ಮಹಾರಾಣಿಯಂತೆ ಇತ್ತು. ಚಿಗವ್ವ ಎಡಗೈಯಲ್ಲಿ ಉಣ್ಣುವವಳಲ್ಲ. ಅದು ಆಗದ ಮಾತು. ಆದ್ದರಿಂದ ಕಾಕಾ ಉಣಿಸುತ್ತಿದ್ದ. ಎರಡು ಹೊತ್ತೂ ಕೈ ತೊಳೆದು, ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತು, ರೊಟ್ಟಿ ಮುರಿದು, ಪಲ್ಲೆ ಹಚ್ಚಿ, ಶೇಂಗಾ ಚಟ್ನಿ ಎದ್ದಿ, ಮೊಸರು ಸವರಿ, ಲಿಂಗಕ್ಕೆ ಪತ್ರಿ ಏರಿಸುವಷ್ಟು ಜ್ವಾಕಿಯಿಂದ ಬಾಯಿಗಿಡುತ್ತಿದ್ದ. ಚಿಗವ್ವ ಅಗಿಯುತ್ತಲೇ ಬೈಯುತ್ತಿದ್ದಳು.

"ಚಟ್ನಿ ಜಾಸ್ತಿ ಆತು."

"ಆತು, ಮುಂದಿನ ತುತ್ತಿಗೆ ಕಡಿಮಿ ಮಾಡತೇನಿ."

"ಎಲ್ಲಿಂದ ತಂದ್ರಿ ಈ ರೊಟ್ಟಿ? ಇದೇನು ರೊಟ್ಟಿಯೋ ಹಪ್ಪಳೋ? ಬಡಿದಾಕಿಗೆ ಕೈ ಅದಾವ ಇಲ್ಲ?"

ಆ ಮಾತು ಬಾಯಿಂದ ಬಂದದ್ದೇ ತಡ, ಅವಳ ಕಣ್ಣು ಜೋಳಿಗೆಯ ಕೈ ಮೇಲೆ ಬಿತ್ತು; ಕಾಕಾ ಮುಂದಿನ ತುತ್ತು ಮುರಿದ.

ಮತ್ತೆ ಡಾಕ್ಟರ ಹತ್ತಿರ ಹೋದೆವು. ಕೋಟೆ ಬಿಚ್ಚಿಸಿದರು. ಬಿದಿರು, ತತ್ತಿಯ ವಾಸನೆ, ಎಲ್ಲ ನೋಡಿದರು. ಬೈಯುತ್ತಾರೆಂದು ನಾನು ತಲೆ ತಗ್ಗಿಸಿ ನಿಂತಿದ್ದೆ. ಬೈಯಲಿಲ್ಲ. ಹೊಸ ಎಕ್ಸರೇ ನೋಡಿ, "ಪ್ಲೇಟು ಒಂದು ಕೂದಲೆಳಿ ಸರಿದಿಲ್ರಿ. ಎಲುಬೂ ಛಂದ ಕೂಡಾಕತ್ತೈತಿ" ಎಂದರು. ಆಮೇಲೆ ಚಿಗವ್ವನ ಕೈ ಹಿಡಿದು ಮಡಿಸಲು ನೋಡಿದರು. ಕೈ ಲಂಬಕೋನದಲ್ಲಿ ಹಾಗೇ ನಿಂತಿತ್ತು. ಇತ್ತ ಮಡಚದು, ಅತ್ತ ಚಾಚದು.

"ಎಲುಬು ಉಳೀತು, ಕೀಲು ಬಿಗದೈತಿ. ಇನ್ನೊಂದು ತಿಂಗಳು ದಿನಾ ಮಡಚಿ ಚಾಚಿ ಮಾಡಿದ್ರ ಬರತೈತಿ. ಇಲ್ಲಂದ್ರ ಹಿಂಗ ಉಳೀತದ. ಈ ಕೈ ಬಾಯಿ ಮುಟ್ಟಂಗಿಲ್ಲ ಅವ್ವಾರ, ಹಿಟ್ಟೂ ಮುಟ್ಟಂಗಿಲ್ಲ."

ತಿರುಗಿ ಬರುವಾಗ ಚಿಗವ್ವ ಆಟೋದ ಸರಳನ್ನು ಜಗ್ಗಿ ನೋಡದೆ ಸುಮ್ಮನೆ ಹತ್ತಿ ಕುಳಿತಳು. ನನಗೆ ಖರೇ ಹೆದರಿಕೆಯಾದದ್ದು ಆಗ.

ಮನೆಯಲ್ಲಿ ದಿನಾ ಯತ್ನ ಮಾಡುತ್ತಿದ್ದಳು. ಅಂದರೆ, ಯತ್ನ ಮಾಡಲು ಕುಳಿತುಕೊಳ್ಳುತ್ತಿದ್ದಳು. ಹಲ್ಲು ಕಚ್ಚುವಳು, ಬೆವೆಯುವಳು, ಕೈ ಒಂದು ಗೋಧಿಕಾಳಿನಷ್ಟು ಸರಿಯುವಷ್ಟರಲ್ಲಿ ಬಿಟ್ಟುಬಿಡುವಳು. "ಚಿಗವ್ವಾ, ನೂಸತೈತೇನು?" ಎಂದೆ.

"ನೂಸೂದಕ್ಕ ಯಾರು ಹೆದರತಾರ ತಂಗಿ? ಒಳಗ ಟಕ್ ಅಂದ್ರ? ಮತ್ತ ಮುರದ್ರ?" ಆಮೇಲೆ ನನ್ನನ್ನು ನೋಡದೆ ಹೇಳಿದಳು: "ಎಲ್ಲಾರದೂ ಜಗ್ಗಿ ನೋಡಿದೆ. ನನ್ನನ್ನ ನಾ ಹೆಂಗ ಜಗ್ಗಿ ನೋಡಲಿ?"

ಇದನ್ನು ಕಾಕಾ ಬಾಗಿಲ ಹಿಂದಿನಿಂದ ಕೇಳಿಸಿಕೊಂಡಿರಬೇಕು. ಮರುದಿನ ಮಧ್ಯಾಹ್ನ ಊಟಕ್ಕೆ ಎರಡು ತಾಟು ಬಡಿಸಿ, ಒಂದನ್ನು ಅವಳ ಮುಂದಿಟ್ಟು, ಇನ್ನೊಂದನ್ನು ತನ್ನ ಮುಂದಿಟ್ಟುಕೊಂಡು, ಕೈಕಟ್ಟಿ ಕುಳಿತ.

"ಉಣಸ್ರಿ ಮತ್ತ."

"ಇವತ್ತಿಂದ ನಾ ಉಣಸಂಗಿಲ್ಲ. ನಿನ್ನ ಕೈಯಿಂದ ನೀ ಒಂದು ತುತ್ತು ಎತ್ತೂತನಾ ನಾನೂ ಉಣ್ಣಂಗಿಲ್ಲ."

ಈ ಮನುಷ್ಯ ಮದುವೆಯಾದಾಗಿನಿಂದ ಹೆಂಡತಿಗೆ ಎದುರಾಡಿದ್ದೇ ಇಲ್ಲ! ಚಿಗವ್ವ ಬೈದಳು, ಕೂಗಾಡಿದಳು, ಅವನ ಹಿರಿಯರನ್ನೆಲ್ಲ ಒಂದೊಂದಾಗಿ ಎಬ್ಬಿಸಿ ವಿಚಾರಿಸಿದಳು. ಕಾಕಾ ಕಲ್ಲಿನಂತೆ ಕುಳಿತ. ಅವನಿಗೆ ಸಕ್ಕರೆ ಬ್ಯಾನಿ. ಗುಳಿಗೆ ನುಂಗಿದ್ದ; ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕು. ಸ್ವಲ್ಪ ಹೊತ್ತಿನಲ್ಲಿ ಕೈಬೆರಳು ನಡುಗತೊಡಗಿದವು. ನಾನು ಸಕ್ಕರೆ ಡಬ್ಬಿ ತರಲು ಎದ್ದೆ. ಅಷ್ಟರಲ್ಲಿ ಚಿಗವ್ವ ಅದನ್ನು ನೋಡಿದಳು.

ಜೋಳಿಗೆಯಿಂದ ಕೈ ತೆಗೆದಳು. ರೊಟ್ಟಿಯ ಚೂರು ಹಿಡಿದು ಎತ್ತಿದಳು. ಮೇಲೆ, ಇನ್ನೂ ಮೇಲೆ. ಕಣ್ಣಲ್ಲಿ ಬಳಬಳ ನೀರು. ತುತ್ತು ಬಾಯಿಗೆ ಇನ್ನೇನು ಮುಟ್ಟಬೇಕು, ನಿಂತುಬಿಟ್ಟಿತು. ಕುತ್ತಿಗೆ ಬಗ್ಗಿಸಿ ಕಚ್ಚಲು ಹೋದಳು.

"ಬಗ್ಗಬ್ಯಾಡ" ಎಂದ ಕಾಕಾ. ತುತ್ತಿಗೂ ಬಾಯಿಗೂ ನಡುವೆ ಬೆರಳು ಹಿಡಿದು ಅಳೆದ. ಎಷ್ಟಾದರೂ ತೂಕ ಅಳತೆಯ ಮನುಷ್ಯ! "ನಾಕು ಬಟ್ಟು. ಇಲ್ಲೀತನಾ ನೀ ತಂದಿ. ಈ ನಾಕು ಬಟ್ಟಿನ ದಾರಿ ನಾ ತರತೇನಿ." ಅವಳ ಬೆರಳಿನಿಂದ ತುತ್ತು ಈಸಿಕೊಂಡು ಅವಳ ಬಾಯಿಗಿಟ್ಟ. ಆಮೇಲೆ ತಾನು ಉಂಡ.

ಒಳಗೆ ಟಕ್ ಎನ್ನಲಿಲ್ಲ.

ಆವತ್ತಿನಿಂದ ಆ ಮನೆಯಲ್ಲಿ ಊಟವೆಂದರೆ ಅಳತೆ. ಒಂದು ವಾರಕ್ಕೆ ಮೂರು ಬಟ್ಟು. ಆಮೇಲೆ ಎರಡೂವರೆ. ಅರ್ಧ ಬಟ್ಟಿಗೆ ಇಬ್ಬರಲ್ಲೂ ಜಗಳ! "ಎರಡ ಐತ್ರಿ, ನಿಮ್ಮ ಬಟ್ಟು ದಪ್ಪ" ಎಂದು ಅವಳು, "ಮಾರುಕಟ್ಟ್ಯಾಗೂ ಎಲ್ಲಾರೂ ಹಿಂಗ ಅಂತಿದ್ರು" ಎಂದು ಇವನು. ಒಂದು ಬಟ್ಟು ಬಹಳ ದಿನ ಸತಾಯಿಸಿತು. ಕೊನೆಗೆ ಒಂದು ದಿನ ನಾನು ನೋಡುತ್ತಿದ್ದಂತೆ ತುತ್ತು ಹೋಗಿ ತುಟಿಗೆ ಮುಟ್ಟಿತು. ಚಿಗವ್ವ ಅಗಿದಳು, ನುಂಗಿದಳು.

"ಪಲ್ಲ್ಯಾಕ ಉಪ್ಪು ಕಡಿಮಿ" ಎಂದಳು.

ತುತ್ತು ಈಸಿಕೊಳ್ಳಲು ಚಾಚಿದ್ದ ಕಾಕಾನ ಕೈ ಹಾಗೇ ಗಾಳಿಯಲ್ಲಿ ಉಳಿದಿತ್ತು. ಅವನು ಅದನ್ನು ಒಮ್ಮೆ ನೋಡಿಕೊಂಡು, ಧೋತರಕ್ಕೆ ಒರೆಸಿಕೊಂಡು, ನಕ್ಕ.

ಈಗ ಚಿಗವ್ವ ಮತ್ತೆ ರೊಟ್ಟಿ ಬಡಿಯುತ್ತಾಳೆ. ಕೈ ಪೂರಾ ನೆಟ್ಟಗಾಗುವುದಿಲ್ಲ, ಆದರೆ ನೂರೈವತ್ತಕ್ಕೆ ಒಂದೂ ಕಡಿಮೆಯಿಲ್ಲ. ಡಾಕ್ಟರಿಗೆ ಒಂದು ಡಜನ್ ಖಡಕ್ ರೊಟ್ಟಿ ಕಳಿಸಿದ್ದಳು, ಬ್ರೆಡ್ಡು ಬಿಡಲಿ ಎಂದು.

ಹೋದ ವಾರ ಬೆಂಗೇರಿಯ ಕಡೆ ಕೆಲಸವಿತ್ತು. ಹೇಳದೆ ಕೇಳದೆ ಮಧ್ಯಾಹ್ನ ಅವರ ಮನೆಗೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಇಬ್ಬರೂ ಎದುರುಬದುರು ಕುಳಿತಿದ್ದರು. ತಾಟು ಒಂದೇ ಇತ್ತು. ಚಿಗವ್ವ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು, ಕಾಕಾ ರೊಟ್ಟಿ ಮುರಿದು, ಪಲ್ಲೆ ಹಚ್ಚಿ, ಅವಳ ಬಾಯಿಗಿಡುತ್ತಿದ್ದ. ಅವಳು ಬೈಯದೆ ಉಣ್ಣುತ್ತಿದ್ದಳು.

ನನ್ನನ್ನು ನೋಡಿ ಕಾಕಾ ನೆಲ ನೋಡಿದ. ಚಿಗವ್ವ ಸೆರಗು ಸರಿ ಮಾಡಿಕೊಂಡು, "ಕೈ ಸ್ವಲ್ಪ ನೂಸಾಕತ್ತಿತ್ತು ತಂಗಿ, ಅದಕ್ಕ" ಎಂದಳು.

ನಾನು ಬಾಗಿಲು ಮೆಲ್ಲಗೆ ಎಳೆದುಕೊಂಡು ಹೊರಗೆ ಕಟ್ಟೆಯ ಮೇಲೆ ಕುಳಿತೆ. ಅವರ ಊಟ ಮುಗಿದು ನೀರಿನ ತಂಬಿಗೆಯ ಸಪ್ಪಳ ಕೇಳಿದ ಮೇಲೆ ಒಳಗೆ ಹೋದೆ.